ಆಟದ ನಡುವೆ ಕೋಚ್ ನಿಯಮ ಕೇಳಿದರೆ: ರೆಫರಿ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು

ಬಾಸ್ಕೆಟ್‌ಬಾಲ್‌ನಲ್ಲಿ ಹೊಸದಾಗಿ ಸೀಟಿ ಹಿಡಿದವರಿಗೆ ನಿಯಮ ಕಲಿಸುವವರು ಸಿಗುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಸಿಗ್ನಲ್ ಹೇಗೆ ತೋರಿಸಬೇಕು ಎಂದು ತಿದ್ದುವವರೂ ಸಿಗುತ್ತಾರೆ. ಬೆಂಚಿನಿಂದ "ಸರ್, ಅದು ಹೇಗೆ ಫೌಲ್ ಆಗುತ್ತೆ?" ಅಂತ ಕೂಗು ಬಂದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹಾಗಾಗಿ ಕೆಲವರು ತುಟಿ ಹೊಲಿದುಕೊಂಡು ನಲವತ್ತು ನಿಮಿಷ ಓಡುತ್ತಾರೆ, ಕೆಲವರು ಪ್ರತಿ ಕೂಗಿಗೂ ನಿಂತು ಪಾಠ ಶುರು ಮಾಡುತ್ತಾರೆ. ಎರಡರಿಂದಲೂ ಪಂದ್ಯ ಕೆಡುತ್ತದೆ. ನನ್ನನ್ನು ಕೇಳಿದರೆ ಎರಡನೆಯದರಿಂದ ತುಸು ಹೆಚ್ಚೇ ಕೆಡುತ್ತದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಆ ಗಾದೆ ಕಟ್ಟಿದವರು ನಾಲ್ಕನೇ ಕ್ವಾರ್ಟರ್‌ನಲ್ಲಿ ಎರಡು ಪಾಯಿಂಟ್ ಹಿಂದಿರುವ ತಂಡದ ಬೆಂಚಿನ ಮುಂದೆ ನಿಂತಿರಲಿಕ್ಕಿಲ್ಲ. ಅಲ್ಲಿ ಬಲ್ಲವನಿಗೂ ಜಗಳ ತಪ್ಪಿದ್ದಲ್ಲ, ಜಗಳ ಚಿಕ್ಕದಾಗಿ ಮುಗಿಯುವಂತೆ ನೋಡಿಕೊಳ್ಳಬಹುದು, ಅಷ್ಟೆ.

ನಾನು ಹಿಡಿದುಕೊಂಡಿರುವ ಗೆರೆ ಇದು: ಆಗಿಹೋದದ್ದನ್ನು ಹೇಳು, ಮುಂದೇನು ಮಾಡಬೇಕು ಅನ್ನುವುದನ್ನು ಹೇಳಬೇಡ. ಯಾವ ನಿಯಮಕ್ಕೆ ಸೀಟಿ ಊದಿದೆ, ಕಣ್ಣಿಗೆ ಏನು ಕಂಡಿತು, ಈಗ ಚೆಂಡು ಯಾರದು, ಗಡಿಯಾರದಲ್ಲಿ ಎಷ್ಟಿದೆ – ಇವು ಕೋಚ್‌ಗೆ ಸಲ್ಲಬೇಕಾದ ಮಾಹಿತಿ. ಅದನ್ನಿಟ್ಟುಕೊಂಡು ಅವರು ಏನು ಮಾಡುತ್ತಾರೆ ಅನ್ನುವುದು ಅವರ ಕೆಲಸ, ಅವರ ಸಂಬಳ. ಅನುಮಾನ ಬಂದಾಗ ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಈ ಮಾತನ್ನು ಆ ಕಡೆಯ ಬೆಂಚಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಬಲ್ಲೆನೇ? ಹೇಳಬಲ್ಲೆ ಅಂದರೆ ಹೇಳುತ್ತೇನೆ. ದನಿ ತಗ್ಗಿಸಬೇಕು ಅನ್ನಿಸಿದರೆ ಆ ಮಾತು ಬಾಯಿಂದ ಹೊರಗೆ ಬರಬಾರದ್ದು.

ಇಲ್ಲಿ ಹೇಳುವುದೆಲ್ಲ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದ ಪ್ರಕಾರ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ, ಅಲ್ಲಿನ ಶಾಲೆ ಕಾಲೇಜುಗಳ ಆಟದಲ್ಲಿ ಕೆಲವು ಕಡೆ ಬೇರೆ ಥರ ಇದೆ. ಆ ವ್ಯತ್ಯಾಸವೇ ಅರ್ಧ ಜಗಳಕ್ಕೆ ಮೂಲ, ಅದಕ್ಕೆ ಆಮೇಲೆ ಬರುತ್ತೇನೆ.

ಯಾರ ಜೊತೆ, ಯಾವಾಗ

ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ, ಅರ್ಧ ತಲೆನೋವು ಇಲ್ಲೇ ಕಡಿಮೆಯಾಗುತ್ತದೆ. ರೆಫರಿ ಜೊತೆ ಮಾತಾಡುವ ಹಕ್ಕಿರುವುದು ಹೆಡ್ ಕೋಚ್‌ಗೆ, ಅಂಕಣದಲ್ಲಿ ಕ್ಯಾಪ್ಟನ್‌ಗೆ. ಅದೂ ಮರ್ಯಾದೆಯಿಂದ, ಮಾಹಿತಿಗಾಗಿ, ಚೆಂಡು ಡೆಡ್ ಆಗಿ (ಅಂದರೆ ಆಟದಲ್ಲಿಲ್ಲದೆ) ಗಡಿಯಾರ ನಿಂತಿರುವಾಗ ಮಾತ್ರ. ಅಸಿಸ್ಟೆಂಟ್ ಕೋಚ್ ರೆಫರಿಯನ್ನು ಉದ್ದೇಶಿಸಿ ಮಾತಾಡುವಂತಿಲ್ಲ. ಸ್ಕೋರ್ ಬರೆಯುವವರ ಟೇಬಲ್ ಹತ್ತಿರ ಹೋಗಿ ಸ್ಕೋರು, ಫೌಲ್ ಲೆಕ್ಕ ಕೇಳಬಹುದು, ಅದೂ ಗಡಿಯಾರ ನಿಂತಾಗ. ಆದರೆ ನಿಜವಾದ ಪಂದ್ಯದಲ್ಲಿ ಹೆಚ್ಚು ಕೂಗುವವರು ಅಸಿಸ್ಟೆಂಟ್‌ಗಳೇ. ಅವರಿಗೆ ಉತ್ತರ ಕೊಡಬೇಡಿ, ಅವರನ್ನು ಗದರಿಸಲೂ ಬೇಡಿ. ಹೆಡ್ ಕೋಚ್ ಕಡೆ ನೋಡಿ, "ಸರ್, ನೀವು ಕೇಳಿ, ಹೇಳ್ತೀನಿ" ಅನ್ನಿ. ಬಹುತೇಕ ಹೆಡ್ ಕೋಚ್‌ಗಳು ಅಸಿಸ್ಟೆಂಟನ್ನು ತಾವೇ ಕೂರಿಸುತ್ತಾರೆ. ತಮ್ಮ ಹಕ್ಕಿಗೆ ಬೆಲೆ ಸಿಕ್ಕಿತಲ್ಲ ಅನ್ನುವ ಸಮಾಧಾನ ಅವರಿಗೆ.

ಚೆಂಡು ಆಟದಲ್ಲಿದ್ದಾಗ ಮಾತು ಬೇಡ. ಓಡುತ್ತ ಬೆಂಚಿನ ಮುಂದೆ ಹಾದುಹೋಗುವಾಗ ಒಂದು "ನೋಡ್ತೀನಿ ಸರ್" ಸಾಕು. ಅದನ್ನು ಹೇಳಿದ ಮೇಲೆ ನಿಜಕ್ಕೂ ನೋಡಿ. ಅವರ ಹುಡುಗನ ಜೆರ್ಸಿ ಹಿಡಿದು ಎಳೆಯುತ್ತಿದ್ದಾರೆ ಅಂತ ದೂರಿದ್ದರೆ, ಮುಂದಿನ ಎರಡು ಪೊಸೆಷನ್‌ನಲ್ಲಿ ನಿಮ್ಮ ಕಣ್ಣು ಅಲ್ಲಿರುವುದು ಅವರಿಗೆ ಕಾಣುತ್ತದೆ. ಹತ್ತು ವಾಕ್ಯದ ವಿವರಣೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಕೇಳದಿದ್ದರೂ ಹೇಳಬೇಕಾದ್ದು

ಕೆಲವು ಮಾಹಿತಿಯನ್ನು ಕೊಡುವುದು ಉಪಕಾರವಲ್ಲ, ಕರ್ತವ್ಯ. ಆಟಗಾರನಿಗೆ ಐದನೇ ಫೌಲ್ ಬಿದ್ದರೆ ಅವನಿಗೆ ತಿಳಿಸಬೇಕಾದವರು ನಾವು. 30 ಸೆಕೆಂಡಿನೊಳಗೆ ಬದಲಿ ಆಟಗಾರ ಒಳಗೆ ಬರಬೇಕು. ತಂಡದ ಟೈಮ್‌ಔಟ್‌ಗಳು ಮುಗಿದಿದ್ದರೆ ಸ್ಕೋರರ್ ನಮಗೆ ಹೇಳಬೇಕು, ನಾವು ಹೆಡ್ ಕೋಚ್‌ಗೆ ಹೇಳಬೇಕು. ಇದನ್ನು ಸಣ್ಣ ವಿಷಯ ಅಂದುಕೊಳ್ಳುವವರಿಗೆ 1993ರ ಅಮೆರಿಕದ ಕಾಲೇಜು ಫೈನಲ್ ನೆನಪಿಸುತ್ತೇನೆ. ಮಿಚಿಗನ್ ತಂಡ 71–73ರಲ್ಲಿ ಹಿಂದಿತ್ತು, ಹನ್ನೊಂದು ಸೆಕೆಂಡ್ ಉಳಿದಿತ್ತು. ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದ ಕ್ರಿಸ್ ವೆಬ್ಬರ್ ಕೈಯಲ್ಲಿ ಟೈಮ್‌ಔಟ್ ಸನ್ನೆ ಮಾಡಿಬಿಟ್ಟ. ತಂಡದ ಬಳಿ ಟೈಮ್‌ಔಟ್ ಇರಲಿಲ್ಲ. ಟೆಕ್ನಿಕಲ್ ಫೌಲ್ (ಮೈ ತಾಗಿದ್ದಕ್ಕಲ್ಲ, ನಡವಳಿಕೆ ಅಥವಾ ನಿಯಮ ಮೀರಿದ್ದಕ್ಕೆ) ಬಿತ್ತು, ನಾರ್ತ್ ಕ್ಯಾರೊಲೈನಾ 77–71ರಲ್ಲಿ ಗೆದ್ದಿತು. ಫೀಬಾ ಆಟದಲ್ಲಿ ಆಟಗಾರ ಟೈಮ್‌ಔಟ್ ಕೇಳುವಂತೆಯೇ ಇಲ್ಲ, ಹಾಗಾಗಿ ಇದೇ ಘಟನೆ ಇಲ್ಲಿ ನಡೆಯದು. ಆದರೂ ಟೇಬಲ್‌ನಿಂದ "ಮುಗೀತು" ಅಂತ ಸನ್ನೆ ಬಂದ ಕೂಡಲೇ ನಾನು ಹೋಗಿ ಕೋಚ್ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ: "ಸರ್, ನಿಮ್ಮ ಟೈಮ್‌ಔಟ್ ಮುಗೀತು." ಅವರು ತಲೆ ಆಡಿಸುವವರೆಗೂ ಅಲ್ಲಿಂದ ಕದಲುವುದಿಲ್ಲ. ಅವರು ಹುಡುಗರಿಗೆ ಕೂಗಿ ಹೇಳುವುದರಲ್ಲಿ ಮುಳುಗಿರುತ್ತಾರೆ, ಕಿವಿಗೆ ಬಿದ್ದಿದ್ದು ತಲೆಗೆ ಹೋಗಿರುವುದಿಲ್ಲ.

ಒಬ್ಬ ಆಟಗಾರನಿಗೆ ಒಂದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಚೆಂಡಿಗಾಗಿ ಅಲ್ಲದೆ ಆಟಗಾರನ ಮೇಲೆ ಮಾಡಿದ ಗಂಭೀರ ಫೌಲ್) ಅಥವಾ ಟೆಕ್ನಿಕಲ್ ಬಿದ್ದಾಗಲೂ ಕೋಚ್‌ಗೆ ಅಲ್ಲೇ ಹೇಳಿಬಿಡುತ್ತೇನೆ: "ಏಳನೇ ನಂಬರ್‌ಗೆ ಒಂದಾಯ್ತು ಸರ್, ಇನ್ನೊಂದಾದರೆ ಹೊರಗೆ." ಹಾಗೆಯೇ ಫ್ರೀ ಥ್ರೋ ಎಷ್ಟು, ಥ್ರೋ-ಇನ್ (ಗೆರೆಯಾಚೆಯಿಂದ ಚೆಂಡು ಒಳಗೆ ಹಾಕುವುದು) ನಿಂತ ಜಾಗದಿಂದಲೋ, ಬುಟ್ಟಿ ಬಿದ್ದ ಮೇಲಾದ್ದರಿಂದ ಬೇಸ್‌ಲೈನ್ ಹಿಂದೆ ಓಡಾಡಬಹುದೋ ಅನ್ನುವುದನ್ನು ಚೆಂಡು ಕೊಡುವಾಗಲೇ ಎಲ್ಲರಿಗೂ ಕೇಳುವಂತೆ ಹೇಳುವುದು. ಅಂಕಣದಲ್ಲಿ ಐದೇ ಜನ ಇದ್ದಾರಾ ಅಂತ ಎಣಿಸುವುದೂ ನಮ್ಮದೇ ಕೆಲಸ. ಆರನೆಯವನು ನಿಂತಿರುವುದು ಕಂಡೂ ಚೆಂಡು ಒಳಗೆ ಕೊಟ್ಟು, ಆಮೇಲೆ ಸೀಟಿ ಊದಿ ಟೆಕ್ನಿಕಲ್ ಕೊಡುವವರನ್ನು ನೋಡಿದ್ದೇನೆ. ಅದು ಹೊಂಚು ಹಾಕುವ ಕೆಲಸ, ರೆಫರಿಯದ್ದಲ್ಲ.

ಕೇಳಿದರೆ ಹೇಗೆ ಹೇಳುವುದು

ಬೆಂಚಿನಿಂದ ಬರುವ ಪ್ರಶ್ನೆಗಳನ್ನು ಕಿವಿಯಲ್ಲೇ ಸೋಸಿಕೊಳ್ಳಬೇಕು. "ಶಾಟ್ ಕ್ಲಾಕ್ ಯಾಕೆ ಹದಿನಾಲ್ಕು?" ಅನ್ನುವುದು ನಿಯಮದ ಪ್ರಶ್ನೆ (ಶಾಟ್ ಕ್ಲಾಕ್ ಅಂದರೆ ತಂಡ ಎಷ್ಟು ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು ಅಂತ ಎಣಿಸುವ ಗಡಿಯಾರ). "ಅವನ ಕಾಲು ಅಷ್ಟೊಂದು ಒಳಗಿತ್ತಾ?" ಅನ್ನುವುದು ಕಣ್ಣಿಗೆ ಕಂಡದ್ದರ ಪ್ರಶ್ನೆ. "ಒಂದು ಕಡೆಗೇ ಊದ್ತೀರಲ್ಲ!" ಅನ್ನುವುದು ಪ್ರಶ್ನೆಯೇ ಅಲ್ಲ, ಹೊಟ್ಟೆಯೊಳಗಿನ ಸಂಕಟ. ಮೊದಲನೆಯದಕ್ಕೆ ಪೂರ್ತಿ ಉತ್ತರ ಕೊಡಿ. ಎರಡನೆಯದಕ್ಕೆ ಒಂದು ವಾಕ್ಯ. ಮೂರನೆಯದಕ್ಕೆ ಉತ್ತರವಿಲ್ಲ, ಕಿವಿ ಮಾತ್ರ ಇದೆ. ಒಮ್ಮೆ ಕೇಳಿಸಿಕೊಂಡು ತಲೆದೂಗಿ ಮುಂದೆ ಹೋಗಿ. ಸಂಕಟಕ್ಕೆ ನಿಯಮ ಪುಸ್ತಕದಿಂದ ಉತ್ತರ ಕೊಡಹೋದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ನಿಯಮದ ಪ್ರಶ್ನೆಗೆ ಉದಾಹರಣೆ. ನೀಲಿ ತಂಡದವರು ಶಾಟ್ ಹೊಡೆದರು, ಚೆಂಡು ಬೋರ್ಡಿಗೆ ಬಡಿದು ರಿಂಗ್ ಮುಟ್ಟದೆ ಕೆಳಗೆ ಬಂತು, ಅವರದೇ ಹುಡುಗ ಹಿಡಿದ. ಶಾಟ್ ಕ್ಲಾಕ್ ನಿಲ್ಲಲಿಲ್ಲ, ಮೂರು, ಎರಡು, ಒಂದು, ಬಝರ್. ನೀಲಿ ಕೋಚ್ ಎರಡೂ ಕೈ ಎತ್ತಿ ನಿಂತಿದ್ದಾರೆ.

"ಸರ್, ರೀಬೌಂಡ್ ಆಯ್ತಲ್ಲ, ಹದಿನಾಲ್ಕು ಬರಬೇಕಿತ್ತು."

"ರಿಂಗ್ ಮುಟ್ಟಲಿಲ್ಲ ಸರ್. ಬೋರ್ಡ್ ಮಾತ್ರ. ಬೋರ್ಡ್ ಮುಟ್ಟಿದರೆ ಬದಲಾಗಲ್ಲ."

"ಓಹ್... ಬೋರ್ಡ್ ಲೆಕ್ಕಕ್ಕಿಲ್ವಾ?"

"ಇಲ್ಲ ಸರ್."

ಅಲ್ಲಿಗೆ ಮುಗಿಯಿತು. "ಇದು ನಿಮಗೆ ಗೊತ್ತಿರಬೇಕಿತ್ತು" ಅನ್ನುವ ದನಿ ಬೇಡ. ಇಂತಿಷ್ಟನೇ ಕಲಂ ಅಂತ ನಂಬರ್ ಹೇಳುವುದೂ ಬೇಡ. ಕಲಂ ನಂಬರ್ ಹೇಳುವ ರೆಫರಿಗೆ ನಿಯಮ ಗೊತ್ತಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಜಂಬ ಇದೆ ಅಂತ ಮಾತ್ರ ಅನ್ನಿಸುತ್ತದೆ.

ಕಂಡದ್ದರ ಪ್ರಶ್ನೆಗೆ ಉತ್ತರಿಸುವುದು ಇದಕ್ಕಿಂತ ಕಷ್ಟ, ಇಲ್ಲಿ ಒಂದೊಂದು ಪದಕ್ಕೂ ಬೆಲೆ ಇದೆ. ಡಿಫೆಂಡರ್ ತಪ್ಪಾಗಿ ದಾರಿಗೆ ಅಡ್ಡ ಬಂದ ಅಂತ ಬ್ಲಾಕಿಂಗ್ ಫೌಲ್ ಕೊಟ್ಟಿದ್ದೀರಿ. ಕೋಚ್ ಕೇಳುತ್ತಾರೆ, "ಯಾಕೆ ಸರ್?" ಬಾಯಿಗೆ ಥಟ್ಟನೆ ಬರುವ ಉತ್ತರ, "ಅವನು ನಿಂತಿರಲಿಲ್ಲ, ಮೂವ್ ಆಗ್ತಿದ್ದ." ಈ ಒಂದು ಮಾತು ಸಾಕು, ಸರಿಯಾದ ಕಾಲ್ ಕೂಡ ತಪ್ಪಾಗಿ ಕೇಳಿಸುತ್ತದೆ. ಏಕೆಂದರೆ ಡಿಫೆಂಡರ್ ಅಲುಗಾಡದೆ ನಿಂತಿರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಎದುರಾಳಿಗೆ ಮುಖ ಮಾಡಿ ಎರಡೂ ಪಾದ ನೆಲಕ್ಕೂರಿ ಜಾಗ ಹಿಡಿದ ಮೇಲೆ ಅವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ನೇರ ಮೇಲಕ್ಕೆ ಹಾರಲೂಬಹುದು. ಅದು ಗೊತ್ತಿರುವ ಕೋಚ್ ನಿಮ್ಮ ಮಾತನ್ನು ಹಿಡಿದು ಇಡೀ ಕ್ವಾರ್ಟರ್ ಜಗ್ಗುತ್ತಾರೆ, ನ್ಯಾಯವಾಗಿಯೇ. ಕಂಡದ್ದನ್ನು ಹೇಳಿ: "ತಡವಾಗಿ ಬಂದ ಸರ್. ತೊಡೆ ಪಕ್ಕದಿಂದ ತಾಗಿತು, ಎದೆಗಲ್ಲ." ಕೋಚ್ ಒಪ್ಪದಿರಬಹುದು. ಆದರೆ ಹಿಡಿದು ಜಗ್ಗಲು ತುದಿ ಸಿಗುವುದಿಲ್ಲ.

ಹೀಗೆ ತೊಂದರೆಗೆ ಸಿಕ್ಕಿಸುವ ಪದಗಳು ಇನ್ನೂ ಇವೆ. "ರೀಚಿಂಗ್" ಅನ್ನಬೇಡಿ, ಕೈ ಚಾಚುವುದು ಫೌಲ್ ಅಲ್ಲ, "ಮುಂಗೈ ಮೇಲೆ ಹೊಡೆತ ಬಿತ್ತು" ಅನ್ನಿ. "ಓವರ್ ದಿ ಬ್ಯಾಕ್" ಅನ್ನಬೇಡಿ. ಹಿಂದೆ ನಿಂತ ಎತ್ತರದ ಹುಡುಗ ಮುಟ್ಟದೆ ಮೇಲಿಂದ ಚೆಂಡು ಕಿತ್ತುಕೊಂಡರೆ ಅದು ಅವನ ಎತ್ತರದ ಫಲ. ಫೌಲ್ ಆಗಿದ್ದರೆ "ಬೆನ್ನಿಗೆ ತಳ್ಳಿ ಜಾಗ ಮಾಡಿಕೊಂಡ" ಅನ್ನಿ. ಟ್ರಾವೆಲ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಹಾಕುವ ತಪ್ಪು) ಬಗ್ಗೆ ಕೇಳಿದರೆ ಕಾಲು ತೋರಿಸಿ ಹೇಳಿ. 2017ರ ಅಕ್ಟೋಬರ್‌ನಿಂದ ಫೀಬಾ ನಿಯಮದಲ್ಲಿ, ಓಡುತ್ತಲೇ ಚೆಂಡು ಹಿಡಿದ ಆಟಗಾರನಿಗೆ ಹಿಡಿದ ಮೇಲೆ ಎರಡು ಹೆಜ್ಜೆ ಸಿಗುತ್ತದೆ. ಹಿಡಿಯುವಾಗ ನೆಲದಲ್ಲಿದ್ದ ಕಾಲು ಆ ಲೆಕ್ಕಕ್ಕೆ ಸೇರುವುದಿಲ್ಲ, ಅದೇ ಝೀರೋ ಸ್ಟೆಪ್. ಹಳೆಯ ಕೋಚ್‌ಗಳ ಕಣ್ಣಿಗೆ ಅದು ಇವತ್ತಿಗೂ ಮೂರು ಹೆಜ್ಜೆ. "ಹಿಡಿದ ಮೇಲೆ ಎರಡೇ ಸರ್" ಅನ್ನುವ ಮೂರು ನಾಲ್ಕು ಪದಗಳಲ್ಲಿ ಮುಗಿಸಿ. ಪಂದ್ಯದ ನಡುವೆ ಝೀರೋ ಸ್ಟೆಪ್ಪಿನ ಪುರಾಣ ಬಿಚ್ಚಬೇಡಿ.

ನಿಲ್ಲುವ ರೀತಿಯೂ ಮಾತೇ. ಕೋಚ್ ಎದುರು ಎದೆಯುಬ್ಬಿಸಿ ಮುಖಕ್ಕೆ ಮುಖ ಕೊಟ್ಟು ನಿಂತರೆ ನೋಡುವವರಿಗೆ ಅದು ಜಗಳ. ಅವರ ಪಕ್ಕದಲ್ಲಿ ನಿಂತು, ಇಬ್ಬರೂ ಅಂಕಣದ ಕಡೆ ನೋಡುತ್ತ ಮಾತಾಡಿದರೆ ಅದೇ ಮಾತು ಸಂಭಾಷಣೆ. ಬೆರಳು ತೋರಿಸಬೇಡಿ, ಭುಜದ ಮೇಲೆ ಕೈ ಹಾಕಬೇಡಿ. ಅಂಕಣದ ಕಡೆ ನೋಡುವುದರಿಂದ ಇನ್ನೊಂದು ಲಾಭವಿದೆ: ಚೆಂಡು ಡೆಡ್ ಆದಾಗಲೇ ಹುಡುಗರು ಮೊಣಕೈ ತೂರುವುದು.

ಸಹ ರೆಫರಿಯ ಕಾಲ್ ಬಗ್ಗೆ ಕೇಳಿದರೆ? "ಅವರಿಗೆ ಕಂಡ ಕೋನ ನನಗಿರಲಿಲ್ಲ ಸರ್. ಈ ಕಡೆ ಬಂದಾಗ ಅವರನ್ನೇ ಕೇಳಿ." ಮುಖದಲ್ಲಿ ಏನನ್ನೂ ತೋರಿಸಬೇಡಿ. ಹುಬ್ಬು ಮೇಲಕ್ಕೆ ಹೋದರೂ ಸಾಕು, ಮುಂದಿನ ಟೈಮ್‌ಔಟ್‌ನಲ್ಲಿ ಕೋಚ್ ನಿಮ್ಮ ಜೊತೆಗಾರರ ಬಳಿ ಹೋಗಿ "ನಿಮ್ಮವರೇ ಒಪ್ಪಲಿಲ್ಲ" ಅನ್ನುತ್ತಾರೆ. ನಿಯಮ ಥಟ್ಟನೆ ನೆನಪಾಗದಿದ್ದರೆ ಊಹಿಸಿ ಹೇಳಬೇಡಿ. "ನೋಡಿ ಹೇಳ್ತೀನಿ" ಅಂದು, ಜೊತೆಗಾರರನ್ನು ಕೇಳಿ, ಕ್ವಾರ್ಟರ್ ಮುಗಿದಾಗ ಮರೆಯದೆ ಹೋಗಿ ಹೇಳಿ.

ಒಂದು ಕೂಗಿಗೆ ಮಾತ್ರ ತಕ್ಷಣ ಓಡಿಹೋಗಬೇಕು: "ಸರ್, ಬೇರೆ ಹುಡುಗ ಫ್ರೀ ಥ್ರೋ ಹೊಡೀತಿದ್ದಾನೆ!" ತಪ್ಪು ಆಟಗಾರ ಹೊಡೆಯುವುದು, ಸಿಗಬೇಕಾದ ಫ್ರೀ ಥ್ರೋ ಸಿಗದಿರುವುದು, ಸಿಗಬಾರದ್ದು ಸಿಗುವುದು – ಇವು ತಿದ್ದಬಹುದಾದ ತಪ್ಪುಗಳು. ಆದರೆ ತಿದ್ದಲು ಗಡುವಿದೆ. ತಪ್ಪಾದ ಮೇಲೆ ಗಡಿಯಾರ ಓಡಿ, ಮೊದಲ ಸಲ ಚೆಂಡು ಡೆಡ್ ಆಗಿ, ಮತ್ತೆ ಲೈವ್ ಆಗುವ ಮೊದಲೇ ಅದು ಗಮನಕ್ಕೆ ಬರಬೇಕು. ಇಲ್ಲಿ ಕೋಚ್‌ನ ದನಿ ಎಷ್ಟೇ ಒರಟಾಗಿರಲಿ, ಮೊದಲು ಪರೀಕ್ಷಿಸಿ, ದನಿಯ ವಿಚಾರ ಆಮೇಲೆ.

ಟಿವಿಯಲ್ಲಿ ನೋಡಿದ ನಿಯಮ

ಹುಡುಗರೂ ಕೋಚ್‌ಗಳೂ ರಾತ್ರಿ ನೋಡುವುದು ಎನ್‌ಬಿಎ, ಹಗಲು ಆಡುವುದು ಫೀಬಾ. "ಡಿಫೆನ್ಸ್ ಮೂರು ಸೆಕೆಂಡ್ ಸರ್!" ಅಂತ ಕೂಗುತ್ತಾರೆ, ಬುಟ್ಟಿಯ ಕೆಳಗಿನ ಜಾಗದಲ್ಲಿ (ಪೇಂಟ್) ಮೂರು ಸೆಕೆಂಡ್ ಮೀರಿ ನಿಲ್ಲಬಾರದು ಅನ್ನುವ ನಿಯಮ ಫೀಬಾದಲ್ಲಿ ಡಿಫೆನ್ಸಿಗಿಲ್ಲ. ರಿಂಗಿಗೆ ಬಡಿದು ಮೇಲೆ ಕುಣಿಯುತ್ತಿರುವ ಚೆಂಡನ್ನು ಡಿಫೆಂಡರ್ ತಳ್ಳಿದರೆ "ಗೋಲ್‌ಟೆಂಡಿಂಗ್!" ಅನ್ನುತ್ತಾರೆ, ಫೀಬಾದಲ್ಲಿ ಫೀಲ್ಡ್ ಗೋಲ್ ಯತ್ನದ ಚೆಂಡು ಒಮ್ಮೆ ರಿಂಗ್ ಮುಟ್ಟಿದ ಮೇಲೆ ಅದನ್ನು ತಳ್ಳಬಹುದು, ಎನ್‌ಬಿಎಯಲ್ಲಿ ಆಗದು. ತಾನೇ ಹೊಡೆದ ಶಾಟ್ ಏನೂ ಮುಟ್ಟದೆ ಬಂದಾಗ ತಾನೇ ಹಿಡಿದರೆ ಇಲ್ಲಿ ತಪ್ಪಿಲ್ಲ, ಅದು ನಿಜವಾದ ಶಾಟ್ ಆಗಿದ್ದರೆ ಸಾಕು, ಎನ್‌ಬಿಎಯಲ್ಲಿ ತಪ್ಪು. ಆಟಗಾರನ ಆರನೇ ಫೌಲ್‌ವರೆಗೆ ಕಾಯುವುದೂ ಅಲ್ಲಿಯದೇ, ಇಲ್ಲಿ ಐದಕ್ಕೆ ಮನೆಗೆ.

ಇಂಥ ಪ್ರಶ್ನೆಗೆ "ಇದು ಎನ್‌ಬಿಎ ಅಲ್ಲ ಸರ್" ಅನ್ನುವ ಚುಚ್ಚು ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. "ಫೀಬಾದಲ್ಲಿ ರಿಂಗ್ ಮುಟ್ಟಿದ ಮೇಲೆ ತಳ್ಳಬಹುದು ಸರ್" ಅನ್ನುವುದರಲ್ಲಿ ಅದೇ ಮಾಹಿತಿ ಇದೆ, ಮುಳ್ಳಿಲ್ಲ.

ಗೆರೆ ಮಸುಕಾಗುವ ಜಾಗ: ಕೊನೆಯ ಎರಡು ನಿಮಿಷ

ಇಲ್ಲಿಯವರೆಗಿನದ್ದು ಸುಲಭ. ಕಷ್ಟ ಶುರುವಾಗುವುದು ನಾಲ್ಕನೇ ಕ್ವಾರ್ಟರ್‌ನ ಕೊನೆಯಲ್ಲಿ, ಮಾಹಿತಿಯೂ ಸಲಹೆಯೂ ಒಂದಕ್ಕೊಂದು ಅಂಟಿಕೊಳ್ಳುವ ಹೊತ್ತಿನಲ್ಲಿ.

ಟೈಮ್‌ಔಟ್ ವಿಚಾರವನ್ನೇ ನೋಡಿ. ಎರಡನೇ ಅರ್ಧದಲ್ಲಿ ತಂಡಕ್ಕೆ ಮೂರು ಟೈಮ್‌ಔಟ್. ಆದರೆ ಕೊನೆಯ ಎರಡು ನಿಮಿಷದಲ್ಲಿ ಹೆಚ್ಚೆಂದರೆ ಎರಡು. ಅಷ್ಟರೊಳಗೆ ಒಂದನ್ನೂ ಬಳಸದಿದ್ದರೆ ಸ್ಕೋರರ್ ಒಂದನ್ನು ಹೊಡೆದುಹಾಕುತ್ತಾರೆ. ಮೂರು ನಿಮಿಷ ಉಳಿದಿದೆ, ಕೆಂಪು ತಂಡದ ಕೋಚ್ ಮೂರನ್ನೂ ಇಟ್ಟುಕೊಂಡು ಕೂತಿದ್ದಾರೆ. "ಸರ್, ಒಂದು ತಗೊಳ್ಳಿ, ಇಲ್ಲದಿದ್ದರೆ ಹೋಗುತ್ತೆ" ಅಂತ ಹೇಳಬಹುದೇ? ಹೇಳಬಾರದು ಅನ್ನುವುದು ನನ್ನ ತೀರ್ಮಾನ. ಅದು ತಂಡವನ್ನು ನಡೆಸುವ ಮಾತು. ಅವರೇ "ಕೊನೆಯ ಎರಡು ನಿಮಿಷದಲ್ಲಿ ಎಷ್ಟು ಸಿಗುತ್ತೆ?" ಅಂತ ಕೇಳಿದರೆ "ಎರಡು ಸರ್" ಅನ್ನುತ್ತೇನೆ. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಇದಕ್ಕೆ ಒಪ್ಪದ ಹಿರಿಯ ರೆಫರಿಗಳಿದ್ದಾರೆ, "ಹೇಳಿದರೆ ಏನು ಗಂಟು ಹೋಗುತ್ತೆ?" ಅನ್ನುತ್ತಾರೆ. ಗಂಟು ಹೋಗುವುದು ಆ ಕಡೆಯ ತಂಡದ್ದು. ಅವರ ಕೋಚ್ ಲೆಕ್ಕ ಇಟ್ಟುಕೊಂಡು ಸರಿಯಾದ ಹೊತ್ತಿಗೆ ತಮ್ಮದನ್ನು ಬಳಸಿದ್ದಾರೆ.

ತಂಡದ ಫೌಲ್ ಲೆಕ್ಕವೂ ಹೀಗೇ. "ಟೀಮ್ ಫೌಲ್ ಎಷ್ಟಾಯ್ತು?" ಅಂದರೆ "ಮೂರು". ಆ ಸಂಖ್ಯೆ ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲೇ ಇದೆ. "ಹಾಗಾದರೆ ಈಗ ಒಂದು ಫೌಲ್ ಮಾಡಿದರೆ ಫ್ರೀ ಥ್ರೋ ಇಲ್ಲ ಅಲ್ವಾ?" ಅಂದರೆ? ಇದು ನಿಯಮದ ವೇಷ ಹಾಕಿಕೊಂಡು ಬಂದ ತಂತ್ರದ ಪ್ರಶ್ನೆ. ನಾನು "ಐದನೇ ಟೀಮ್ ಫೌಲಿನಿಂದ ಫ್ರೀ ಥ್ರೋ ಸರ್" ಅಂತ ನಿಯಮವನ್ನಷ್ಟೇ ಹೇಳುತ್ತೇನೆ. ಎಂಥ ಫೌಲಿಗೆ ನಾನು ಏನು ಊದುತ್ತೇನೆ ಅಂತ ಮುಂಗಡ ಭರವಸೆ ಕೊಡುವುದಿಲ್ಲ. ಹುಡುಗ ಚೆಂಡಿನ ಕಡೆ ನೋಡದೆ ಹಿಂದಿನಿಂದ ಹಿಡಿದೆಳೆದು ಅದು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಆದರೆ, "ನೀವೇ ಹೇಳಿದ್ರಲ್ಲ!" ಅನ್ನುತ್ತಾರೆ.

ಇನ್ನೊಂದು, ಪ್ರತಿ ಪಂದ್ಯಾವಳಿಯಲ್ಲೂ ಕಾಣುವ ಜಗಳ. ಕೊನೆಯ ಎರಡು ನಿಮಿಷ, ಹಸಿರು ತಂಡ ಬುಟ್ಟಿ ಹಾಕಿತು, ಗಡಿಯಾರ ನಿಂತಿತು. ಹಸಿರು ಕೋಚ್ ಟೇಬಲ್ ಕಡೆ ನುಗ್ಗಿ ಟೈಮ್‌ಔಟ್ ಕೇಳುತ್ತಾರೆ, ಟೇಬಲ್ ಕೊಡುವುದಿಲ್ಲ. ಬುಟ್ಟಿ ಹಾಕಿದ ತಂಡಕ್ಕೆ ಆಗ ಟೈಮ್‌ಔಟ್ ಇಲ್ಲ, ಬೇರೆ ಕಾರಣಕ್ಕೆ ರೆಫರಿ ಆಟ ನಿಲ್ಲಿಸಿದ್ದರೆ ಮಾತ್ರ ಉಂಟು. ಬುಟ್ಟಿ ತಿಂದ ತಂಡಕ್ಕೆ ಇದೆ. ಕೋಚ್ ಕೂಗುತ್ತಿರುವಾಗ ಆಟ ನಡೆಯುತ್ತಿರುತ್ತದೆ, ಆಗ ವಿವರಿಸಲು ಹೋಗಬೇಡಿ. ಮುಂದಿನ ಸೀಟಿ ಬಿದ್ದಾಗ ಹತ್ತಿರ ಹೋಗಿ, "ಬುಟ್ಟಿ ನಿಮ್ಮದು ಸರ್, ಅದಕ್ಕೆ ಆಗ ಸಿಗಲಿಲ್ಲ. ಈಗ ಬೇಕಾದರೆ ಇದೆ" ಅನ್ನಿ. ಟೇಬಲ್‌ನಲ್ಲಿ ಕೂತವರು ಬೈಸಿಕೊಂಡಿರುತ್ತಾರೆ, ಅವರು ಮಾಡಿದ್ದು ಸರಿ ಅನ್ನುವುದೂ ಈ ಮಾತಿನಲ್ಲಿ ಬರುತ್ತದೆ.

ನಾವೇ ಕೋಚ್‌ನನ್ನು ಕೇಳಬೇಕಾದ ಸಂದರ್ಭವೂ ಒಂದಿದೆ. ಕೊನೆಯ ಎರಡು ನಿಮಿಷದಲ್ಲಿ, ಅಂಕಣದ ತನ್ನ ಹಿಂದಿನ ಅರ್ಧದಿಂದ ಚೆಂಡು ಪಡೆಯಬೇಕಾದ ತಂಡವೇ ಟೈಮ್‌ಔಟ್ ತಗೊಂಡರೆ, ಥ್ರೋ-ಇನ್ ಮುಂದಿನ ಅರ್ಧದ ಗೆರೆಯಿಂದಲೋ ಹಿಂದಿನಿಂದಲೋ ಅನ್ನುವ ಆಯ್ಕೆ ಹೆಡ್ ಕೋಚ್‌ನದು. ನಾನು ಹೋಗಿ ಕೇಳುತ್ತೇನೆ:

"ಮುಂದೆ ತಗೊಳ್ತೀರಾ ಸರ್, ಹಿಂದೇನಾ?"

"ಮುಂದೆ ತಗೊಂಡರೆ ಕ್ಲಾಕ್ ಎಷ್ಟು?"

"ಈಗ ಎದುರಾಳಿ ಬುಟ್ಟಿ ಆಗಿದೆ. ಮುಂದೆ ಅಂದರೆ ಹದಿನಾಲ್ಕು, ಹಿಂದೆ ಅಂದರೆ ಇಪ್ಪತ್ನಾಲ್ಕು. ಒಮ್ಮೆ ಹೇಳಿದ ಮೇಲೆ ಬದಲಾಯಿಸೋಕಾಗಲ್ಲ."

"ಯಾವುದು ಒಳ್ಳೇದು ಅಂತೀರಾ?"

ಇಲ್ಲಿ ಬಾಯಿ ಮುಚ್ಚಬೇಕು. ನಕ್ಕು ಕಾಯುವುದು ನನ್ನ ಅಭ್ಯಾಸ. ಮೊದಲ ಪ್ರಶ್ನೆಯಲ್ಲಿ ಅವರು ಕೇಳಿದ್ದು ಆಯ್ಕೆಯ ಬೆಲೆ, ಅದು ಗೊತ್ತಿಲ್ಲದೆ ಆಯ್ಕೆಗೆ ಅರ್ಥವಿಲ್ಲ, ಹಾಗಾಗಿ ಪೂರ್ತಿ ಹೇಳಿದೆ. ಎರಡನೆಯದರಲ್ಲಿ ಕೇಳಿದ್ದು ತೀರ್ಮಾನ. ಅವರು ತೀರ್ಮಾನ ಹೇಳಿದ ಮೇಲೆ ಥ್ರೋ-ಇನ್ ಜಾಗವನ್ನು ಎದುರು ಬೆಂಚಿಗೂ ಕಾಣುವಂತೆ ಕೈ ಮಾಡಿ ತೋರಿಸುತ್ತೇನೆ, ಅವರ ಡಿಫೆನ್ಸಿಗೂ ಅದು ಗೊತ್ತಾಗಬೇಕು.

ರಿಪ್ಲೇ ವ್ಯವಸ್ಥೆ ಇರುವ ಪಂದ್ಯಗಳಲ್ಲಿ ಹೆಡ್ ಕೋಚ್‌ಗೆ ಒಂದು ಚಾಲೆಂಜ್ (ರಿಪ್ಲೇ ನೋಡಿ ತೀರ್ಪು ಪರಿಶೀಲಿಸಿ ಅಂತ ಕೇಳುವ ಹಕ್ಕು) ಇದೆ. ಗೆದ್ದರೂ ಸೋತರೂ ಅದೊಂದೇ. ಅಂಥ ಪಂದ್ಯದಲ್ಲಿ "ನನಗೂ ಪೂರ್ತಿ ಸ್ಪಷ್ಟ ಇರಲಿಲ್ಲ" ಅನ್ನುವ ಪ್ರಾಮಾಣಿಕ ಮಾತು ಕೂಡ ಸುಳಿವಾಗುತ್ತದೆ. ಕಂಡದ್ದನ್ನು ಹೇಳಿ ಸುಮ್ಮನಾಗಿ. ನಿಮ್ಮ ನಂಬಿಕೆ ಎಷ್ಟು ಗಟ್ಟಿ ಅನ್ನುವುದನ್ನು ಅವರಿಗೆ ಮಾರಬೇಡಿ.

ಮಕ್ಕಳ ಪಂದ್ಯದಲ್ಲಿ ಈ ಲೆಕ್ಕವೇ ಬೇರೆ

ಹನ್ನೆರಡರ ಒಳಗಿನ ಮಕ್ಕಳ ಆಟದಲ್ಲಿ ಮೇಲಿನ ಬಿಗಿ ಬಹಳಷ್ಟು ಸಡಿಲ. ಅಲ್ಲಿ ರೆಫರಿಯೂ ಅರ್ಧ ಮೇಷ್ಟ್ರು. "ನಿಂತ ಮೇಲೆ ಈ ಕಾಲು ಎತ್ತಿದೆ ಪುಟ್ಟ, ಅದಕ್ಕೆ ಊದಿದೆ" ಅಂತ ಮಗುವಿಗೆ ತೋರಿಸಿ. "ಪೇಂಟ್‌ನಿಂದ ಹೊರಗೆ ಬಾ" ಅಂತ ಮೂರು ಸೆಕೆಂಡ್ ಆಗುವ ಮೊದಲೇ ಎಚ್ಚರಿಸಿ. ಅಲ್ಲಿನ ಕೋಚ್ ಎಷ್ಟೋ ಸಲ ಯಾವುದೋ ಮಗುವಿನ ಅಪ್ಪನೋ ಅಮ್ಮನೋ ಆಗಿರುತ್ತಾರೆ, ಅವರಿಗೂ ಬಿಡಿಸಿ ಹೇಳಿ. ಷರತ್ತು ಒಂದೇ, ಎರಡೂ ಕಡೆಗೆ ಸಮನಾಗಿ. ದುರ್ಬಲ ತಂಡಕ್ಕೆ ಹೆಚ್ಚು ಹೇಳಬೇಕು ಅಂತ ಮನಸ್ಸು ಎಳೆಯುತ್ತದೆ, ಎಳೆಯುವುದು ಸಹಜ. ಆದರೆ ಆ ಕಡೆಯ ಮಕ್ಕಳೂ ಮಕ್ಕಳೇ.

ದೊಡ್ಡವರ ಪಂದ್ಯದಲ್ಲೂ "ಕೈ ತೆಗಿ", "ಹೊರಗೆ ಬಾ" ಅನ್ನುವ ಎಚ್ಚರಿಕೆ ಮೊದಲ ಕ್ವಾರ್ಟರ್‌ನಲ್ಲಿ ಒಳ್ಳೆಯದೇ, ಸುಮ್ಮನೆ ಬೀಳುವ ಸೀಟಿಗಳು ತಪ್ಪುತ್ತವೆ. ಪಂದ್ಯ ಬಿಗಿಯಾದಂತೆ ನಾನು ಅದನ್ನು ಕಡಿಮೆ ಮಾಡುತ್ತ ಹೋಗುತ್ತೇನೆ. ಕೊನೆಯ ನಿಮಿಷದಲ್ಲಿ ಒಬ್ಬನಿಗೆ "ಹೊರಗೆ ಬಾ" ಅಂದು ಉಳಿಸಿ, ಇನ್ನೊಬ್ಬನಿಗೆ ಹೇಳಲಾಗದೆ ಊದಿದರೆ ಅದಕ್ಕೆ ಉತ್ತರವಿಲ್ಲ.

ಸಾಕು ಅನ್ನುವುದು

ಒಂದೇ ಪ್ರಶ್ನೆ ಮೂರನೇ ಸಲ ಬಂದರೆ ಅದು ಪ್ರಶ್ನೆಯಾಗಿ ಉಳಿದಿಲ್ಲ. "ಹೇಳಿದೆ ಸರ್, ಮುಂದೆ ಹೋಗೋಣ" ಅನ್ನಿ. ಆಮೇಲೂ ನಿಲ್ಲದಿದ್ದರೆ ಎಚ್ಚರಿಕೆ ಕೊಡಿ, ಅದು ಎಚ್ಚರಿಕೆ ಅಂತ ಅವರಿಗೆ ಗೊತ್ತಾಗುವ ಹಾಗೆ: "ಸರ್, ಇದು ವಾರ್ನಿಂಗ್." "ಇನ್ನೊಂದು ಮಾತಾಡಿ ನೋಡೋಣ" ಅನ್ನುವುದು ಎಚ್ಚರಿಕೆಯಲ್ಲ, ಸವಾಲು, ಸವಾಲು ಹಾಕಿದರೆ ಕೋಚ್ ಮಾತಾಡಲೇಬೇಕಾಗುತ್ತದೆ, ಹಿಂದೆ ಹುಡುಗರು ನೋಡುತ್ತಿದ್ದಾರೆ. ಎಚ್ಚರಿಕೆಯ ಮೇಲೂ ಮುಂದುವರಿದರೆ ಟೆಕ್ನಿಕಲ್ ಕೊಟ್ಟು ಟೇಬಲ್‌ಗೆ ವರದಿ ಮಾಡಿ, ಒಂದು ಫ್ರೀ ಥ್ರೋ, ನಿಂತಲ್ಲಿಂದ ಆಟ. ಟೆಕ್ನಿಕಲ್ ಕೊಟ್ಟ ತಕ್ಷಣ ಆ ಕೋಚ್ ಪಕ್ಕ ನಿಂತು ಸಮಜಾಯಿಷಿ ಕೊಡಬೇಡಿ. ಸ್ವಲ್ಪ ದೂರ ಹೋಗಿ, ಜೊತೆಗಾರರು ಆ ಕಡೆ ನಿಲ್ಲಲಿ.

ಪಂದ್ಯ ಮುಗಿದ ಮೇಲೆ ನಿಯಮ ಚರ್ಚೆಗೆ ನಿಲ್ಲಬೇಡಿ. ಸೋತವರಿಗೆ ಆಗ ವಿವರಣೆ ಬೇಕಿರುವುದಿಲ್ಲ, ಗೆದ್ದವರ ಜೊತೆ ನಗುತ್ತ ನಿಂತರೆ ಅದಕ್ಕೊಂದು ಕಥೆ ಹುಟ್ಟುತ್ತದೆ. ಒಂದು ಪ್ರಶ್ನೆಗೆ ಮಾತ್ರ ನಿಂತು ಉತ್ತರ ಕೊಡಿ: "ಪ್ರೊಟೆಸ್ಟ್ ಹೇಗೆ ಮಾಡೋದು?" ಆ ಅಧಿಕೃತ ದೂರು ನಿಮ್ಮ ವಿರುದ್ಧವೇ ಇರಬಹುದು, ಆದರೂ ಅದು ನಿಯಮದ ಪ್ರಶ್ನೆ, ಅವರ ಹಕ್ಕು. ಕೋಚ್ ಅಲ್ಲ, ಕ್ಯಾಪ್ಟನ್ ಮಾಡಬೇಕು. ಪಂದ್ಯ ಮುಗಿದ 15 ನಿಮಿಷದೊಳಗೆ ಕ್ರೂ ಚೀಫ್‌ಗೆ (ಮುಖ್ಯ ರೆಫರಿಗೆ) ತಿಳಿಸಿ ಸ್ಕೋರ್‌ಶೀಟ್‌ನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸಹಿ ಹಾಕಬೇಕು. ಜಾಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ, ಪೆನ್ ಇಲ್ಲದಿದ್ದರೆ ಪೆನ್ ಕೊಡಿ.